ಬುಧವಾರ ನಾಲ್ಕಕ್ಕೆ ಬಾರದ ಬಿರುಗಾಳಿ

“ಮೇಡಂ, ಕೇಸ್ ಹಾಕೂದಿದ್ರ ಸೂರ್ಯಾನ ಮ್ಯಾಲ ಹಾಕ್ರಿ. ಪತ್ತಾ ಬೇಕಂದ್ರ ನಾನಽ ಬರಸ್ತೀನಿ.”

ಡ್ರೋನು ಬಾಡಿಗೆಗೆ ಬಿಡುವ ಅಮೋಲ್ ತನ್ನ ಮಾತಿಗೆ ತಾನೇ ನಕ್ಕ. ಬಾಯೊಳಗಿನ ಕಡಕ್ ಭಾಕರಿ, ಅದಕ್ಕೆ ಮೆತ್ತಿದ ಶೇಂಗಾ ಚಟ್ನಿ ಎಲ್ಲ ಕಾಣುವಷ್ಟು ಬಾಯಿ ತೆರೆದು ನಕ್ಕ.

ಪಿಎಸ್‌ಐ ಶುಭಾಂಗಿ ಬಿರಾಜದಾರ ಮುಖ ಆಚೆ ತಿರುಗಿಸಿದಳು. ಸೋಲಾಪುರದ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಆ ತಗಡಿನ ಶೆಡ್ಡಿನ ತುಂಬ ಹುಳದ ಔಷಧಿಯ ಘಾಟು. ಗೋಡೆಗುಂಟ ನೀಲಿ ಕ್ಯಾನುಗಳು, ಅವುಗಳ ಮುಚ್ಚಳದ ಸುತ್ತ ಒಣಗಿದ ಹಳದಿ ಅಂಟು. ಅದರ ನಡುವೆಯೇ ಟೇಬಲ್ ಹಾಕಿಕೊಂಡು ಈ ಮನುಷ್ಯ ಉಣ್ಣುತ್ತಿದ್ದ. ಮೂರು ದಿನದ ಹಿಂದೆ, ಬುಧವಾರ ಮಧ್ಯಾಹ್ನ, ಇವನ ಡ್ರೋನು ಇದೇ ಔಷಧಿಯನ್ನು ಕುರಿ ಕಾಯುತ್ತಿದ್ದ ಅಮೋಗಸಿದ್ಧನ ನೆತ್ತಿಯ ಮೇಲೆ ಸುರಿದು ಅವನನ್ನೂ ಅವನ ಮೂವತ್ತೊಂದು ಕುರಿಗಳನ್ನೂ ಕೊಂದಿತ್ತು.

“ನೀವೂ ಒಂದು ತುತ್ತು ತಗೋರಿ ಮೇಡಂ. ಮುಂಜಾನಿಂದ ತಿರಗಾಕತ್ತೀರಿ.”

“ನಿಮ್ಮ ಅಹವಾಲ ಎಲ್ಲದ?”

ಅಮೋಲ್ ಎಣ್ಣೆಗೈಯಲ್ಲೇ ಫೈಲನ್ನು ಮುಂದಕ್ಕೆ ತಳ್ಳಿದ. ನುಣುಪು ಕಾಗದ, ಬಣ್ಣದ ಗೆರೆಗಳು, ಮರಾಠಿಯಲ್ಲಿ ಆರು ಪುಟದ ಅಹವಾಲು, ಅಂದರೆ ವರದಿ. ಅದರ ಪ್ರಕಾರ, ಸೂರ್ಯನಲ್ಲಿ ಸೋಮವಾರ ದೊಡ್ಡ ಸ್ಫೋಟವಾಯಿತು. ಅದರಿಂದ ಎದ್ದ ಬಿರುಗಾಳಿ ಬುಧವಾರ ನಾಲ್ಕಕ್ಕೆ ಭೂಮಿಗೆ ಬಡಿಯಿತು. ಜಿಪಿಎಸ್ ಕೆಟ್ಟಿತು. ಡ್ರೋನಿಗೆ ಕಾಣುತ್ತಿದ್ದ ಉಪಗ್ರಹಗಳು ಹತ್ತೊಂಬತ್ತರಿಂದ ಐದಕ್ಕೆ ಇಳಿದವು. ನಾಲ್ಕು ಇಪ್ಪತ್ತಕ್ಕೆ ಡ್ರೋನು ದಾರಿ ತಪ್ಪಿ, ಔಷಧಿ ಹೊಡೆಯಬೇಕಿದ್ದ ಶಿವಶರಣಪ್ಪನವರ ತೊಗರಿ ಹೊಲ ಬಿಟ್ಟು ಪಕ್ಕದ ಬೀರೋಬಾನ ಮಾಳಕ್ಕೆ ಹೋಯಿತು. ಯಾರದ್ದೂ ತಪ್ಪಿಲ್ಲ.

“ಪೇಪರಿನಾಗೂ ಬಂದದ ಮೇಡಂ. ಜಗತ್ತಿಗೆಲ್ಲ ಗೊತ್ತದ. ಪಾಪ, ಮುದುಕನ ನಸೀಬು.”

‘ಪಾಪ’ ಎನ್ನುವಾಗ ಅವನು ನಾಲಿಗೆಯಿಂದ ಹಲ್ಲಿನ ಸಂದಿಯ ಶೇಂಗಾ ಕೆದಕುತ್ತಿದ್ದ. ಶುಭಾಂಗಿ ಫೈಲನ್ನು ಎರಡು ಬೆರಳಲ್ಲಿ ಹಿಡಿದೆತ್ತಿಕೊಂಡು ಹೊರಗೆ ಬಂದಳು. ಗೇಟಿನ ಬಳಿ ನಿಂತು ಉಸಿರು ಬಿಟ್ಟಳು. ಘಾಟು ಮೂಗಿನಿಂದ ಹೋಗಲಿಲ್ಲ.

ನಿಜ ಹೇಳಬೇಕೆಂದರೆ ಅವಳಿಗೆ ಅಮೋಲನ ಮೇಲಷ್ಟೇ ಅಲ್ಲ, ತನ್ನ ಮೇಲೂ ಹೇಸಿಗೆ ಹುಟ್ಟಿತ್ತು. ಗುರುವಾರ ಅಕ್ಕಲಕೋಟದ ಆಸ್ಪತ್ರೆಯಲ್ಲಿ, ಅಮೋಗಸಿದ್ಧನ ಹೆಂಡತಿ ಬೀರವ್ವನ ಮಂಚದ ಬದಿಗೆ ನಿಂತು, ಅಮೋಲನಿಂದ ಕೇಳಿದ್ದ ಇದೇ ಕಥೆಯನ್ನು ತಾನೇ ಬಾಯಾರೆ ಹೇಳಿದ್ದಳು. “ಇದು ಸೂರ್ಯಾನ ಕಾಟ ಆಯಿ, ಮನಷ್ಯಾರ ಕೈಯಾಗಿಂದಲ್ಲ” ಎಂದಿದ್ದಳು.

ಬೀರವ್ವ ನೀರು ತರಲು ಹೋಗಿದ್ದರಿಂದ ಬದುಕಿದವಳು. ದೂರದಿಂದ ಡ್ರೋನು ಕಂಡು ಓಡಿ ಬಂದು ಗಂಡನ ಬಾಯಿಂದ ಬರುತ್ತಿದ್ದ ನೊರೆಯನ್ನು ಸೆರಗಿನಿಂದ ಒರೆಸಿದ್ದಕ್ಕೆ ಅವಳ ಎರಡೂ ಅಂಗೈ ಸುಲಿದು ಹೋಗಿದ್ದವು. ಅವಳು ಶುಭಾಂಗಿಯ ಮುಖವನ್ನೇ ನೋಡಿ ಹೇಳಿದ್ದು ಒಂದೇ ಮಾತು:

“ಐವತ್ತು ವರ್ಷ ಅಂವಾ ನಮ್ಮ ತಲಿ ಮ್ಯಾಲ ಅದಾನವ್ವಾ. ಸುಟ್ಟಾನ, ಬಾಯಿ ಒಣಗಿಸ್ಯಾನ. ಹಿಂಗ ಮೂರು ಸಲ ತಿರಿಗಿ ಬಂದು ಕೊಂದಿಲ್ಲ.”

ಮೂರು ಸಲ.

ಆಗ ಮಂಚದ ಕಾಲದೆಸೆಯಲ್ಲಿ ಕೂತಿದ್ದ ಮೈದುನ ಮೈಲಾರಲಿಂಗ ಅತ್ತಿಗೆಯ ಪಾದ ಒತ್ತುತ್ತ ಬಿಕ್ಕಿದ್ದ. ಅವನು ಅಮೋಗಸಿದ್ಧನ ಬೆನ್ನಿಗೆ ಹುಟ್ಟಿದ ತಮ್ಮ. ಕುರಿ ಬಿಟ್ಟು ಮರವಡೆಯಲ್ಲಿ ಹೆಂಡತಿಯ ತವರಲ್ಲಿ ನೆಲೆಸಿದ್ದವನು ಅಣ್ಣನ ಮಣ್ಣಿಗೆಂದು ಬಂದಿದ್ದ. “ಅತ್ತಿಗಿಗಿ ಬುದ್ಧಿ ನೆಟ್ಟಗಿಲ್ರಿ ಸಾಹೇಬ್ರ. ಬಿಡ್ರಿ” ಎಂದು ಕಣ್ಣೊರೆಸಿಕೊಂಡಿದ್ದ.

ಬಿಡಬಹುದಿತ್ತು. ಆದರೆ ಮಾಳದಲ್ಲಿ ಕುರಿಗಳು ಬಿದ್ದಿದ್ದ ರೀತಿ ಶುಭಾಂಗಿಯ ಕಣ್ಣಿಂದ ಮಾಸಿರಲಿಲ್ಲ. ಉಬ್ಬಿದ ಹೊಟ್ಟೆಗಳು, ತೆರೆದ ಕಣ್ಣಿಗೆ ಮುತ್ತಿದ ನೊಣ, ಉಣ್ಣೆಗೆ ಅಂಟಿದ ಹಳದಿ ಲೋಳೆ. ಎಲ್ಲಕ್ಕಿಂತ ಮೇಲೆ, ಅವು ಮೂರು ಸಾಲಾಗಿ ಬಿದ್ದಿದ್ದವು. ಕೂರಿಗೆ ಹಿಡಿದು ಬಿತ್ತಿದ ಸಾಲುಗಳ ಹಾಗೆ, ನೇರಕ್ಕೆ ನೇರ. ದಾರಿ ತಪ್ಪಿದ ಡ್ರೋನು ಕುಡಿದವನಂತೆ ತಿರುಗಬೇಕು. ಇದು ಅಳತೆಯಿಟ್ಟು ಹೋಗಿ, ತಿರುಗಿ, ಮತ್ತೆ ಬಂದಿತ್ತು.

ಬೀರೋಬಾನ ಮಾಳ ಹನ್ನೊಂದು ಎಕರೆ. ಅದರಲ್ಲಿ ಆರು ಎಕರೆ ತನ್ನದು ಎಂದು ಶಿವಶರಣಪ್ಪ ವರ್ಷಗಟ್ಟಲೆ ಕೋರ್ಟು ಅಲೆದಿದ್ದ. ಬರುವ ಸೋಮವಾರ ಸರ್ಕಾರಿ ಮೋಜಣಿ. ಮಣ್ಣಲ್ಲಿ ಹೂತುಹೋದ ಹಳೆ ಗಡಿಕಲ್ಲು ಎಲ್ಲಿದೆಯೆಂದು ಬೊಟ್ಟು ಮಾಡಿ ತೋರಿಸಬಲ್ಲವನು ಅಮೋಗಸಿದ್ಧ. ಆದ್ದರಿಂದ ಶುಭಾಂಗಿಯ ಗುಮಾನಿ ನೇರವಾಗಿ ಶಿವಶರಣಪ್ಪನ ಮೇಲೆ ಹೋಗಿತ್ತು. ಗುಮಾನಿಯೇನೋ ಇತ್ತು, ಆದರೆ ಸೂರ್ಯ ಅಡ್ಡ ನಿಂತಿದ್ದ. ಅವನನ್ನು ಸರಿಸುವವರು ಸೋಲಾಪುರದಲ್ಲಿ ಒಬ್ಬರೇ ಇದ್ದರು.

*

ವಿಜಾಪುರ ರಸ್ತೆಯ ಎರಡಂತಸ್ತಿನ ಮನೆಯಲ್ಲಿ ನಂದಾಬಾಯಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಶುಭಾಂಗಿ ಅವರ ಹಳೆಯ ವಿದ್ಯಾರ್ಥಿನಿ. ಮಾಳಿಗೆಯ ಮೇಲೆ ಒಂದು ಜಿಪಿಎಸ್ ಯಂತ್ರ ಕೂರಿಸಿಕೊಂಡು, ಅದರ ಅಂಕಿಗಳನ್ನು ಸಂಶೋಧಕರಿಗೆ ದಿನಾ ಕಳಿಸುವುದು ಅವರ ಈಗಿನ ಕಸುಬು.

ವರದಿಯ ಮೊದಲ ಪುಟ ಓದಿ ಅವರು ಚಷ್ಮಾ ತೆಗೆದರು.

“ಶುಭಾ, ಇದನ್ನ ಬರದಾಂವ ಪೇಪರ್ ಓದ್ಯಾನ. ಆಕಾಶ ನೋಡಿಲ್ಲ.”

“ಅಂದ್ರ ಸ್ಫೋಟ ಆಗಿಲ್ಲೇನ್ರಿ ಬಾಯಿ?”

“ಆಗ್ಯದ. ಸೋಮವಾರ ಸಂಜಿಮುಂದ ಆಗ್ಯದ. ನೂರಾರು ಕೋಟಿ ಟನ್ ಕಾದ ದ್ರವ್ಯ, ತನ್ನ ಚುಂಬಕ ಶಕ್ತಿ ಕಟಗೊಂಡು ಸೂರ್ಯಾನಿಂದ ಸಿಡದದ. ಹೊಂಟಾಗ ಸೆಕೆಂಡಿಗಿ ಸಾವಿರದ ಎರಡುನೂರು ಕಿಲೋಮೀಟರ್ ವೇಗ. ಆ ಲೆಕ್ಕದಾಗ ಬುಧವಾರ ನಾಲ್ಕಕ್ಕ ಮುಟ್ಟಬಹುದು ಅಂತ ವಿಜ್ಞಾನಿಗಳು ಅಂದಾಜು ಕಟ್ಟಿದ್ರು. ‘ಹತ್ತು-ಹನ್ನೆರಡು ತಾಸು ಹಿಂದ ಮುಂದ ಆಗಬಹುದು’ ಅಂತನೂ ಅಂದಿದ್ರು. ಪೇಪರಿನವರಿಗಿ ಆ ಸಾಲು ಹಾಕಾಕ ಜಾಗಾ ಸಾಲಲಿಲ್ಲ.”

“ಹತ್ತು ತಾಸು ಯಾಕ ಹಿಂದ ಬೀಳ್ತದ?”

“ಹಾದಿ ಖಾಲಿ ಇರೂದಿಲ್ಲ ನೋಡು. ಸೂರ್ಯಾನಿಂದ ಬರೇ ಬೆಳಕು ಬರೂದಿಲ್ಲ, ಹಗಲೂ ರಾತ್ರಿ ಗಾಳಿನೂ ಬೀಸ್ತದ. ಸೌರ ಮಾರುತ. ಅದಕ್ಕ ತನ್ನದಽ ವೇಗ ಅದ. ಈಗ ನಿನ್ನ ಜೀಪು ಅಕ್ಕಲಕೋಟ ರೋಡಿನಾಗ ಎಂಬತ್ತರ ಮ್ಯಾಲ ಹೊಂಟದ ಅನ್ನು. ಮುಂದ ರೋಡ್ ತುಂಬ ಐನೂರು ಕುರಿ, ಅದಽ ದಿಕ್ಕಿಗಿ ಹೊಂಟಾವ. ಏನ್ ಮಾಡ್ತಿ?”

“ಬ್ರೇಕ್ ಹಾಕ್ತೀನಿ.”

“ಹಾಕಲೇಬೇಕು. ಆ ವಾರ ಮುಂದಿದ್ದ ಗಾಳಿ ಭಾಳ ಮಂದ ಇತ್ತು, ದಟ್ಟನೂ ಇತ್ತು. ಸೆಕೆಂಡಿಗಿ ಮುನ್ನೂರೈವತ್ತು ಕಿಲೋಮೀಟರ್ ಅಷ್ಟ. ಹಿಂದಿನಿಂದ ಬಂದ ಸ್ಫೋಟ ಅದನ್ನ ದೂಕುತ್ತ, ಒತ್ತುತ್ತ, ತನ್ನ ಮುಂದ ಗುಡ್ಡೆ ಹಾಕುತ್ತ ಬಂತು. ದೂಕಿದಷ್ಟೂ ತಾನೂ ದಣೀತು. ಹದಿನೈದು ಕೋಟಿ ಕಿಲೋಮೀಟರ್ ಹಾದಿ ಅದು.”

ನಂದಾಬಾಯಿ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಭೂಮಿಗಿಂತ ಹದಿನೈದು ಲಕ್ಷ ಕಿಲೋಮೀಟರ್ ಮುಂದೆ, ಸೂರ್ಯನ ದಿಕ್ಕಿನಲ್ಲಿ ಕಾವಲು ನಿಂತ ಉಪಗ್ರಹಗಳ ಅಂಕಿಗಳು. ಬುಧವಾರ ಇಡೀ ದಿನ ಗೆರೆ ತಣ್ಣಗೆ ಮಲಗಿತ್ತು. ಗುರುವಾರ ನಸುಕಿನಲ್ಲಿ, ಮೂರರ ಸುಮಾರಿಗೆ, ಗೋಡೆಯ ಹಾಗೆ ಎದ್ದು ನಿಂತಿತ್ತು.

“ಅಲ್ಲಿ ದಾಟಿ ಮುಕ್ಕಾಲು ತಾಸಿಗಿ ನಮಗ ಬಡಿತು. ನನ್ನ ಮಾಳಿಗಿ ಯಂತ್ರನೂ ಅದನ್ನಽ ಹೇಳ್ತದ. ಬುಧವಾರ ನಾಲ್ಕೂ ಇಪ್ಪತ್ತಕ್ಕ ಸೋಲಾಪುರದ ಮ್ಯಾಲ ಹದಿನೆಂಟು ಉಪಗ್ರಹ ಸ್ವಚ್ಛ ಕಾಣಸ್ತಿದ್ವು.”

“ಸ್ಫೋಟದ ಬೆಳಕು ಮೊದಲಽ ಬಂದು ಕೆಡಿಸ್ತು ಅಂತ ನಾಳೆ ವಕೀಲ ವಾದ ಮಾಡಿದ್ರ?”

“ಬೆಳಕು ಎಂಟು ನಿಮಿಷದಾಗ ಬರ್ತದ. ಅದು ಸೋಮವಾರನಽ ಬಂದು ಹೋಗ್ಯದ. ಬುಧವಾರ ಮಧ್ಯಾನ ಸೂರ್ಯಾ ಸುಮ್ಮ ಇದ್ದ.” ನಂದಾಬಾಯಿ ವರದಿಯನ್ನು ಕಸದಂತೆ ದೂರ ಸರಿಸಿದರು. “ಹದಿನೆಂಟಿದ್ದದ್ದನ್ನ ಐದು ಅಂತ ಬರದಾನ ಅಂದ್ರ ಅಂಕಿ ಬೇಕಂತ ತಿದ್ದ್ಯಾನ. ನನ್ನ ಹುಡುಗ್ರು ಪ್ರಯೋಗ ಮಾಡದಽ ಅಂಕಿ ತುಂಬಿದ್ರ ಕೈಮ್ಯಾಲ ಹೊಡೀತಿದ್ದೆ. ಇಂವಾ ಹೆಣದ ಮ್ಯಾಲ ಅಂಕಿ ತುಂಬ್ಯಾನಲ್ಲ, ಥೂ.”

*

ಜೀಪು ಹೊರಳಿ ಚಿಂಚೋಳಿಯ ಕಡೆ ಹೊರಟಿತು. ಹಿಂದಿನ ಸೀಟಿನಲ್ಲಿ ಶುಭಾಂಗಿ ವರದಿಯನ್ನು ನಾಲ್ಕನೇ ಸಲ ಓದಿದಳು. ಅಂಕಿ ತಿದ್ದಿದ್ದು ಸಿಕ್ಕಿತು. ಆದರೆ ಅಂಕಿ ತಿದ್ದುವುದು ತಪ್ಪು ಮುಚ್ಚಿಕೊಳ್ಳುವ ಅಂಜುಬುರುಕನ ಕೆಲಸವೂ ಆಗಬಹುದು. ಡ್ರೋನು ಬೇಜವಾಬ್ದಾರಿಯಿಂದ ಹಾರಿಸಿದೆ, ಹೆದರಿ ಸುಳ್ಳು ಬರೆದೆ ಎಂದರೆ ಮುಗಿಯಿತು. ಕೊಲೆ ಎನ್ನಲು ಅದು ಸಾಲದು.

ಮೂರನೇ ಪುಟದ ನಡುವೆ ಅವಳ ಬೆರಳು ನಿಂತಿತು.

ಎಲ್ಲ ಕಡೆ ‘ವಾದಳ ಆಲೇ’ ಎಂದಿತ್ತು. ಬಿರುಗಾಳಿ ಬಂತು. ಈ ಒಂದು ಸಾಲಿನಲ್ಲಿ ಮಾತ್ರ ‘ವಾದಳ ಯೇಣಾರ ಆಹೇ’ ಎಂದಿತ್ತು. ಬಿರುಗಾಳಿ ಬರಲಿದೆ.

ಬಂದ ಮೇಲೆ ಬರೆಯುವವನು ‘ಬರಲಿದೆ’ ಎಂದು ಯಾಕೆ ಬರೆಯುತ್ತಾನೆ?

ಅಮೋಗಸಿದ್ಧ ಕಂಬಳಿ ಹೊದ್ದು ಕುರಿಗಳ ಹಿಂದೆ ನಡೆದಾಡುತ್ತಿದ್ದಾಗಲೇ ಅವನ ಸಾವಿನ ವರದಿ ಈ ಶೆಡ್ಡಿನಲ್ಲಿ ಟೈಪಾಗುತ್ತಿತ್ತು.

*

ಅಮೋಲ್ ಊಟ ಮುಗಿಸಿ ಸೋಂಪು ಅಗಿಯುತ್ತಿದ್ದ. ಶುಭಾಂಗಿ ಈ ಸಲ ಕೂತಳು. ಕುರ್ಚಿಯನ್ನು ಬಾಗಿಲಿಗೆ ಅಡ್ಡಲಾಗಿ ಎಳೆದುಕೊಂಡೇ ಕೂತಳು.

“ನಿಮ್ಮ ಬಿರುಗಾಳಿ ಬುಧವಾರ ಬಂದಿಲ್ಲ.”

“ಅಂದ್ರ?”

“ಹಾದಿಯೊಳಗ ತಡ ಆಯ್ತಂತ. ಗುರುವಾರ ನಸಿಕಿನ್ಯಾಗ ಬಂತು.”

“ಹೆಂಗ್ ಆಗ್ತದ ಮೇಡಂ? ಪೇಪರಿನಾಗ ಬರೋಬರ್ ನಾಲ್ಕು ಅಂತ ಹಾಕಿದ್ರಲ್ರಿ!”

“ಯಾವಾಗಿನ ಪೇಪರಿನಾಗ?”

“ಮಂಗಳ…” ಎಂದವನು ಸೋಂಪನ್ನು ನುಂಗಿಬಿಟ್ಟ.

“ಹೇಳ್ರಿ. ಮಂಗಳವಾರದ ಪೇಪರ್. ಬುಧವಾರ ಆಗೂದನ್ನ ಮಂಗಳವಾರದ ಪೇಪರ್ ನೋಡಿ ಬರದೀರಿ.”

“ಹಂಗಲ್ರಿ, ಆಮ್ಯಾಲ ರೆಫರೆನ್ಸ್‌ಗೆ…”

ಶುಭಾಂಗಿ ಮೂರನೇ ಪುಟ ತೆರೆದು ಅವನ ಮುಂದಿಟ್ಟಳು. “ಓದ್ರಿ ಇದನ್ನ. ಜೋರಾಗಿ.”

ಅವನು ಪುಟವನ್ನು ಹಿಂದಕ್ಕೆ ತಳ್ಳಿದ. ಹಣೆಯ ಮೇಲೆ ಬೆವರು ಮೂಡಿತು. ಬೆವರನ್ನು ಊಟಕ್ಕೆ ಹಾಸಿದ್ದ ಬಟ್ಟೆಯಿಂದಲೇ ಒರೆಸಿಕೊಂಡ. ಚಟ್ನಿಯ ಕೆಂಪು ಹಣೆಗೆ ಹತ್ತಿತು.

“ಯೇಣಾರ ಆಹೇ. ಮನಷ್ಯಾ ಇನ್ನಾ ಸತ್ತಿಲ್ಲ, ನೀವು ಅವನ ಸಾವಿಗಿ ಕಾರಣ ಬರದ ಇಟ್ಟೀರಿ. ಈ ಟೇಬಲ್ ಮ್ಯಾಲನಽ ಬರದ್ರೇನು? ಇಲ್ಲೇ ಉಣ್ಣುತ್ತ?”

“ಮೇಡಂ, ಆಯಿಚಿ ಶಪಥ್, ನಮ್ಮವ್ವನ ಆಣಿ, ಮನಷ್ಯಾರ ಮಾತಽ ಇದ್ದಿದ್ದಿಲ್ಲ! ಕುರಿ ಅಂಜಿಸಿ ಓಡಸೂದು ಅಷ್ಟ ಅಂದಿದ್ದ. ನಾಕು ಕುರಿ ಸಾಯಬಹುದು, ಗದ್ದಲ ಆದ್ರ ತೋರಸಾಕ ಒಂದು ಕಾಗದ ಇರಲಿ ಅಂದ. ಔಷಧಿ ಅಷ್ಟು ಘಟ್ಟಿ ಕಲಸ್ತಾನ ಅಂತ ನನಗ ಹೆಂಗ್ ಗೊತ್ತಾಗಬೇಕ್ರಿ?”

“ಯಾರು ಅಂದಿದ್ದ? ಶಿವಶರಣಪ್ಪ?”

ಅಮೋಲ್ ಅಲ್ಲವೆಂದು ತಲೆಯಲ್ಲಾಡಿಸಿದ.

“ಮೈಲಾರಲಿಂಗ.”

ಶುಭಾಂಗಿಗೆ ಮೊದಲು ಅರ್ಥವೇ ಆಗಲಿಲ್ಲ. “ಯಾವ ಮೈಲಾರಲಿಂಗ?”

“ಆ ಮುದುಕನ ತಮ್ಮನಽ ರಿ. ಬುಧವಾರ ಹಾರಸಿದಾಂವಾ ಅವನಽ. ಎರಡು ತಿಂಗಳು ಇಲ್ಲೇ ನನ್ನ ಶೆಡ್ಡಿನ್ಯಾಗ ಡ್ರೋನ್ ಹಾರಸೂದು ಕಲ್ತಾನ. ಅಣ್ಣ ಹೋದ್ರ ಗಡಿಕಲ್ಲು ತೋರಸಾಂವ ಅವನ ಒಬ್ಬನಽ ಅಂತ. ಅಂವಾ ಎಲ್ಲಿ ಬೊಟ್ಟ ಮಾಡ್ತಾನ ಅಲ್ಲೇ ಗಡಿ. ಗಡಿ ಸರಿಸಿ ತನಗ ಬರೂ ಮಾಳದಾಗ ನನಗ ಡ್ರೋನ್ ಸಾಲಿ ಕಟ್ಟಾಕ ಜಾಗಾ ಕೊಡಸ್ತೀನಿ ಅಂದಿದ್ದ.”

“ಶಿವಶರಣಪ್ಪಗ ಇದು ಗೊತ್ತದ?”

“ಅದು ನನಗ ಗೊತ್ತಿಲ್ರಿ. ದೇವರಾಣಿ ಗೊತ್ತಿಲ್ಲ.”

ಆಸ್ಪತ್ರೆಯ ಮಂಚ, ಸುಲಿದ ಅಂಗೈ, ಅತ್ತಿಗೆಯ ಪಾದ ಒತ್ತುತ್ತಿದ್ದ ಆ ಕೈ. ಒಡಹುಟ್ಟಿದವನು ಬಾಯಲ್ಲಿ ನೊರೆ ಕಾರಿ ಒದ್ದಾಡಿದ ಮರುದಿನ, ಅವನನ್ನು ಕೊಂದ ಕೈಯೇ ಅವನ ಹೆಂಡತಿಯ ಕಾಲು ಹಿಡಿದು ಅತ್ತಿತ್ತು. ಶುಭಾಂಗಿಗೆ ಎದ್ದು ಹೊರಗೆ ಹೋಗಿ ಉಗುಳಬೇಕೆನಿಸಿತು. ಬಾಗಿಲು ಬಿಟ್ಟು ಏಳಲಿಲ್ಲ.

“ಬುಧವಾರದ ಡ್ರೋನ್ ನಮ್ಮ ಠಾಣೆದಾಗ ಅದ. ನಿನ್ನ ಹತ್ರ ಎರಡಿದ್ವು. ಇನ್ನೊಂದು ಎಲ್ಲಿ?” ಬಹುವಚನ ಯಾವಾಗ ಉದುರಿತೋ ಅವಳಿಗೆ ತಿಳಿಯಲಿಲ್ಲ.

ಅಮೋಲ್ ಖಾಲಿ ಮೂಲೆಯ ಕಡೆ ನೋಡಿದ. “ಮುಂಜಾನಿ… ಯಾರೋ ಇಬ್ಬರು ಟೆಂಪೋ ತಂದು ಒಯ್ದಾರ. ಮೈಲಾರಲಿಂಗ ಫೋನ್ ಮಾಡಿದ್ದ, ಕೊಟ್ಟು ಕಳಸು ಅಂತ. ಈ ಸಲ ಅಹವಾಲ ಬ್ಯಾಡ, ಈ ಸಲನೂ ಬಿರುಗಾಳಿ ಬರ್ತದ, ಪೇಪರ್ ನೋಡು ಅಂದ.”

ಟೇಬಲ್ಲಿನ ಮೇಲೆ ಭಾಕರಿ ಸುತ್ತಿ ತಂದಿದ್ದ ಆ ದಿನದ ಪೇಪರ್ ಬಿದ್ದಿತ್ತು. ಎಣ್ಣೆಯ ಕಲೆಗಳ ಅಡಿಯಲ್ಲಿ ಸುದ್ದಿ: ಗುರುವಾರ ಸಂಜೆ ಸೂರ್ಯನಲ್ಲಿ ಮತ್ತೊಂದು ಸ್ಫೋಟ, ಶನಿವಾರ ಸಂಜೆ ಆರಕ್ಕೆ ಭೂಮಿಗೆ ತಾಗುವ ಸಂಭವ.

ಇವತ್ತೇ ಶನಿವಾರ. ಗಡಿಯಾರ ಒಂದೂ ಹತ್ತು ತೋರಿಸುತ್ತಿತ್ತು. ಆರಕ್ಕೆ ಇನ್ನೂ ಐದು ತಾಸಿದೆ ಎಂದುಕೊಳ್ಳುವಷ್ಟರಲ್ಲಿ ಫೋನು ರಿಂಗಣಿಸಿತು. ನಂದಾಬಾಯಿ.

“ಶುಭಾ, ನೀ ಹೋದ ಮ್ಯಾಲ ಅಂಕಿ ನೋಡ್ಲಿಕ್ಕತ್ತಿದ್ದೆ. ಎರಡನೇದು ಈಗ ಉಪಗ್ರಹ ದಾಟ್ತು. ಅರ್ಧ ತಾಸಿನ್ಯಾಗ ನಮ್ಮ ಮ್ಯಾಲ ಇರ್ತದ.”

“ಆರಕ್ಕ ಅಂತ ಹಾಕ್ಯಾರಲ್ರಿ?”

“ಮೊದಲಿಂದು ಹಾದಿ ಗುಡಿಸಿ ಹೋಗ್ಯದ. ಅದರ ಹಿಂದ ಗಾಳಿ ತೆಳುವಾಗ್ಯದ, ವೇಗನೂ ಹೆಚ್ಚಾಗ್ಯದ. ಇದಕ್ಕ ತಡಿಯಾವ್ರು ಯಾರೂ ಇದ್ದಿದ್ದಿಲ್ಲ. ಚುಂಬಕದ ದಿಕ್ಕೂ ಕೆಟ್ಟ ಅದ, ನಮಗ ನೆಟ್ಟಗ ತಾಗ್ತದ. ಇನ್ನ ಮುಂದ ಯಾವ ಡ್ರೋನಾದ್ರೂ ದಾರಿ ತಪ್ಪೀತು ಅಂದ್ರ ಸುಳ್ಳು ಅಂತ ನಾ ಸಾಕ್ಷಿ ಹೇಳಾಕ ಬರೂದಿಲ್ಲವ್ವಾ.”

ಗಡಿಕಲ್ಲು ಗೊತ್ತಿರುವವರು ಇನ್ನೊಬ್ಬರಿದ್ದರು. ಗಂಡನ ಜೊತೆ ಐವತ್ತು ವರ್ಷ ಆ ಮಾಳ ತುಳಿದವಳು.

ಬೀರವ್ವನನ್ನು ನಿನ್ನೆ ಆಸ್ಪತ್ರೆಯಿಂದ ಊರಿಗೆ ಕಳಿಸಿ, ಮನೆ ಮುಂದೆ ಹವಾಲ್ದಾರ್ ಧರ್ಮರಾಜನನ್ನು ಕೂರಿಸಿದ್ದಳು. ಅವನಿಗೆ ಫೋನು ಹಚ್ಚಿದಳು. ಏಳನೇ ರಿಂಗಿಗೆ ಎತ್ತಿದ.

“ಬೀರವ್ವ ಎಲ್ಲಿ?”

“ಈಗಷ್ಟ ಹೊರಗ ಹೋದಳ್ರಿ ಮೇಡಂ. ಮೈದುನ ಕರಕೊಂಡು ಹೋದ. ಸೋಮವಾರ ಮೋಜಣಿ ಅದ, ಕಲ್ಲು ಎಲ್ಲದ ಅಂತ ಒಮ್ಮಿ ತೋರಸು ಅತ್ತಿಗಿ ಅಂದ…”

“ನೀ ಯಾಕ ಬಿಟ್ಟಿ?”

“ಮನಿ ಮನಷ್ಯಾ ಅಲ್ಲೇನ್ರಿ…”

“ಓಡು! ಮಾಳಕ್ಕ ಓಡು. ಫೋನ್ ಇಡಬ್ಯಾಡ. ಆಕೀನ ಗಿಡದ ಬುಡಕ್ಕೋ, ಗುಡಿಯೊಳಗೋ ಎಳಕೊಂಡು ಹೋಗು. ಬಯಲಿನ್ಯಾಗ ನಿಲ್ಲಿಸಬ್ಯಾಡ!”

ಶುಭಾಂಗಿ ಅಮೋಲನ ರಟ್ಟೆ ಹಿಡಿದು ಜೀಪಿಗೆ ನೂಕಿದಳು. ಚಿಂಚೋಳಿಯಿಂದ ಆ ಹಳ್ಳಿಗೆ ಎಷ್ಟು ಓಡಿಸಿದರೂ ಒಂದು ತಾಸು. ಫೋನಿನಲ್ಲಿ ಧರ್ಮರಾಜನ ಏದುಸಿರು, ಬೂಟಿನ ಕೆಳಗೆ ಪುಡಿಯಾಗುವ ಒಣ ಹೆಂಟೆ, ದೂರದಲ್ಲಿ ಒಂದು ನಾಯಿ. ಆಮೇಲೆ ಜೇನು ಎದ್ದಂಥ ಗುಂಯ್‌ಗುಡುವ ಸದ್ದು.

“ಕಾಣಸಾಕತ್ತದ್ರಿ ಮೇಡಂ! ಡ್ರೋನ್ ಅದ, ಶಿವಶರಣಪ್ಪನ ತೊಗರಿ ಹೊಲದ ಕಡಿಂದ ಬರಾಕತ್ತದ… ಬೀರವ್ವ ಮಾಳದ ನಡುವ ನಿಂತಾಳ…”

“ಮೈಲಾರಲಿಂಗನ್ನ ಹಿಡಿ! ಅವನ ಕೈಯಾಗಿನ ರಿಮೋಟ್ ಕಸಗೋ!”

ಧರ್ಮರಾಜನ ಬೂಟುಗಳು ಮತ್ತೆ ಓಡಿದ ಸದ್ದು.

“ಅವನ ಕೈಯಾಗ ಏನೂ ಇಲ್ರಿ. ಆಕಿ ಬಾಜೂಕನಽ ನಿಂತಾನ. ಎರಡೂ ಕೈ ಮ್ಯಾಲ ಎತ್ತಿ, ಬ್ಯಾಡ ಬ್ಯಾಡ ಅಂತ ಆಕಾಶ ನೋಡಿ ಒದರಾಕತ್ಯಾನ್ರಿ ಮೇಡಂ… ಇದನ್ನ ಹಾರಸಾಕತ್ತಾವ್ರು ಯಾರು?”